ಫೈರ್‌ಫಿಂಚ್‌ನ ಹಾಡು ಕರಿಹಕ್ಕಿಯ ಕೊರಳಲ್ಲಿ: ಕಾರಣ ತಿಳಿದವರು ಹೇಳಬಹುದೇ?

ಕಾಳಿದಂಡೆ, ಕಾರವಾರ

ನಾನು ಸದಾಶಿವಗಡದವನು. ಉದ್ಯೋಗದ ನಿಮಿತ್ತ ಕೆಲವು ವರ್ಷ ಜಾಂಬಿಯಾದ ಲುಸಾಕಾದಲ್ಲಿದ್ದು ಈಚೆಗೆ ಊರಿಗೆ ಮರಳಿದ್ದೇನೆ. ಅಲ್ಲಿಯ ಮನೆಯ ಹಿತ್ತಿಲಿಗೆ ದಿನವೂ ಬರುತ್ತಿದ್ದ ಒಂದು ಪುಟ್ಟ ಹಕ್ಕಿಯ ವಿಷಯದಲ್ಲಿ ನನಗೊಂದು ಸಂದೇಹ ಉಳಿದುಕೊಂಡಿದೆ. ಪಕ್ಷಿಗಳ ಬಗ್ಗೆ ಬಲ್ಲವರು ಈ ಬಳಗದಲ್ಲಿ ಇರುವುದರಿಂದ ಕೇಳುತ್ತಿದ್ದೇನೆ.

ಹಕ್ಕಿಯ ಹೆಸರು ಕೆಂಪು ಕೊಕ್ಕಿನ ಫೈರ್‌ಫಿಂಚ್. ನಮ್ಮ ಗುಬ್ಬಿಗಿಂತ ಬಹಳ ಚಿಕ್ಕದು. ಗಂಡಿನ ತಲೆ, ಎದೆ ಕಡುಗೆಂಪು, ರೆಕ್ಕೆ ಕಂದು, ಕಣ್ಣಿನ ಸುತ್ತ ತೆಳ್ಳನೆಯ ಹಳದಿ ಉಂಗುರ. ಎದೆಯ ಪಕ್ಕದಲ್ಲಿ ಸೂಜಿಮೊನೆಯಿಂದ ಇಟ್ಟಂತೆ ಕೆಲವು ಬಿಳಿ ಚುಕ್ಕೆಗಳಿರುತ್ತವೆ, ಹತ್ತಿರದಿಂದ ನೋಡಿದವರಿಗೆ ಮಾತ್ರ ಅವು ಕಾಣುತ್ತವೆ. ಹೆಣ್ಣು ಬಹುಪಾಲು ಕಂದು. ಕಣ್ಣು ಮತ್ತು ಕೊಕ್ಕಿನ ನಡುವೆ, ಹಾಗೂ ಬಾಲದ ಬುಡದಲ್ಲಿ ಮಾತ್ರ ಕೆಂಪು. ಅಡುಗೆಮನೆಯ ಬಾಗಿಲಲ್ಲಿ ಕುಳಿತು ಅಕ್ಕಿ ಆರಿಸಿ ನುಚ್ಚನ್ನು ಚೆಲ್ಲಿದರೆ ನಮ್ಮ ಕಾಲಿನಿಂದ ಎರಡು ಮಾರು ದೂರದಲ್ಲೇ ಜೋಡಿಯಾಗಿ ಬಂದು ಹೆಕ್ಕುತ್ತಿದ್ದವು. ಒಂದು ಹಾರಿದರೆ ಇನ್ನೊಂದೂ ಹಾರಬೇಕು, ಒಂದು ಕುಳಿತಲ್ಲಿಗೆ ಇನ್ನೊಂದು ಬಂದು ಮೈಗೆ ಮೈ ತಾಗಿಸಿ ಕೂರಬೇಕು. ಒಮ್ಮೆ ಗಂಡು ಒಂದು ಕೋಳಿಗರಿಯನ್ನು ಬುಡದಲ್ಲಿ ಕಚ್ಚಿ ಹಿಡಿದು, ಹೆಣ್ಣಿನ ಪಕ್ಕದಲ್ಲಿ ಮೇಲಕ್ಕೂ ಕೆಳಕ್ಕೂ ತೊನೆಯುತ್ತ ಮೆಲುದನಿಯಲ್ಲಿ ಹಾಡಿದ್ದನ್ನು ನೋಡಿದ್ದೇನೆ. ಆ ಗರಿ ಹಕ್ಕಿಯಷ್ಟೇ ಉದ್ದವಿತ್ತು. ಹಾಡು ಎಷ್ಟು ಮೆಲ್ಲಗೆ ಇತ್ತೆಂದರೆ ಅಂಗಳದ ಆಚೆ ನಿಂತವರಿಗೆ ಕೇಳುತ್ತಿರಲಿಲ್ಲ.

ನನ್ನ ಪ್ರಶ್ನೆ ಹುಟ್ಟಿದ್ದು ಇನ್ನೊಂದು ಹಕ್ಕಿಯಿಂದ. ಮಳೆಗಾಲ ಹಿಡಿದ ಮೇಲೆ ನಮ್ಮ ಮನೆಯೆದುರಿನ ಒಣಗಿದ ಮರದ ತುದಿಯಲ್ಲಿ ನೀಲಿ ಹೊಳಪಿನ ಒಂದು ಕರಿಹಕ್ಕಿ ಕುಳಿತು ಗಂಟೆಗಟ್ಟಲೆ ಹಾಡುತ್ತಿತ್ತು. ಅದರ ಹಾಡಿನಲ್ಲಿ ಒರಟಾದ ಗರಗರ ಸದ್ದೂ ಇತ್ತು, ಅದರ ನಡುನಡುವೆ ಫೈರ್‌ಫಿಂಚ್‌ನ ಅದೇ ಸಿಳ್ಳೆ, ಅದೇ 'ಚಿಕ್' ಎಂಬ ಎಚ್ಚರಿಕೆಯ ಕೂಗು ಸ್ಪಷ್ಟವಾಗಿ ಬರುತ್ತಿತ್ತು. ಅಂಗಳದಲ್ಲಿ ಪಿಸುಮಾತಿನಂತಿದ್ದ ಹಾಡು ಮರದ ತುದಿಯಿಂದ ಬೀದಿಗೆಲ್ಲ ಕೇಳುವಂತಿತ್ತು. ಅದು ಇಂಡಿಗೋಬರ್ಡ್ ಎಂದೂ, ಫೈರ್‌ಫಿಂಚ್‌ನ ಗೂಡಿನಲ್ಲಿ ಮೊಟ್ಟೆಯಿಡುತ್ತದೆಂದೂ ನೆರೆಯವರು ಹೇಳಿದರು. ಹಾಗಿದ್ದರೆ ಅದು ಆತಿಥೇಯ ಹಕ್ಕಿಯ ಹಾಡನ್ನು ಕಲಿತದ್ದು ಹೇಗೆ, ಮತ್ತು ಯಾರಿಗೆ ಕೇಳಿಸುವುದಕ್ಕಾಗಿ? ಫೈರ್‌ಫಿಂಚ್ ತನ್ನ ಗೂಡಿಗೆ ಕನ್ನ ಹಾಕುವವನ ಹಾಡನ್ನು ಕೇಳಿಯೂ ಸುಮ್ಮನಿರುವುದೇಕೆ? ನಮ್ಮ ಕಡೆಯ ರಾಟವಾಳಗಳಿಗೂ ಇಂಥ ಕಾಟವುಂಟೇ?

ಬೆಟ್ಟದಂಚು, ಶಿರಸಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಮ್ಮ ತೋಟ ಮತ್ತು ಬೆಟ್ಟದಲ್ಲಿ ಬಿಳಿಬೆನ್ನಿನ ರಾಟವಾಳ ಹೇರಳ, ಗದ್ದೆಬಯಲಿನ ಕಡೆ ಚುಕ್ಕೆ ರಾಟವಾಳ ಹೆಚ್ಚು. ಇವುಗಳ ಗೂಡಿನಲ್ಲಿ ಬೇರೆ ಹಕ್ಕಿಯ ಮರಿ ಬೆಳೆದದ್ದನ್ನು ನಾನು ಎಂದೂ ಕಂಡಿಲ್ಲ, ಹಿರಿಯರಿಂದ ಕೇಳಿಯೂ ಇಲ್ಲ. ಕಾಗೆಯ ಗೂಡಿನಲ್ಲಿ ಕೋಗಿಲೆ, ಹರಟೆಮಲ್ಲನ ಗೂಡಿನಲ್ಲಿ ಚಾತಕದ ಜಾತಿಯ ಹಕ್ಕಿ, ಇವು ಎಲ್ಲರೂ ಬಲ್ಲ ಸಂಗತಿಗಳು.

ಹಾಡಿನ ವಿಷಯದಲ್ಲಿ ನನಗೆ ತೋಚುವುದು ಇಷ್ಟು. ಕರಿಹಕ್ಕಿ ಫೈರ್‌ಫಿಂಚ್‌ನಂತೆ ಹಾಡುವುದು ಫೈರ್‌ಫಿಂಚನ್ನು ಮರುಳು ಮಾಡುವುದಕ್ಕೇ ಇರಬೇಕು. ನಮ್ಮಲ್ಲಿ ಗಂಡು ಕೋಗಿಲೆ ಕೂಗಿ ಕಾಗೆಗಳನ್ನು ಕೆಣಕಿ ಗೂಡಿನಿಂದ ಆಚೆ ಸೆಳೆಯುವಾಗ ಹೆಣ್ಣು ಕೋಗಿಲೆ ಸದ್ದಿಲ್ಲದೆ ಬಂದು ಮೊಟ್ಟೆಯಿಟ್ಟು ಹೋಗುತ್ತದೆ ಎಂದು ಹೇಳುವುದುಂಟಲ್ಲ, ಅಂಥದೇ ಉಪಾಯ ಅಲ್ಲಿಯೂ ನಡೆಯುತ್ತಿರಬಹುದು. ತಮ್ಮವರೇ ಕರೆದರೆಂದು ಗೂಡು ಬಿಟ್ಟು ಬಂದ ಜೋಡಿಗೆ ಮೋಸವಾಗುತ್ತದೆ.

ಗಜನಿ ಮಾಸ್ತರ, ಕುಮಟಾ

ಪ್ರಾಣಿಶಾಸ್ತ್ರ ಕಲಿಸುವುದು ನನ್ನ ವೃತ್ತಿ, ಅದರಲ್ಲಿ ಹಕ್ಕಿಗಳ ಹಾಡು ನನಗೆ ಬಹುಕಾಲದ ಆಸಕ್ತಿ. ಶಿರಸಿಯ ಗೆಳೆಯರ ಊಹೆ ಸಹಜವಾದದ್ದೇ, ಆದರೆ ಈ ಹಕ್ಕಿಯ ಮಟ್ಟಿಗೆ ಅದು ಹೊಂದುವುದಿಲ್ಲ. ಕರಿಹಕ್ಕಿಯ ಆ ಹಾಡು ಫೈರ್‌ಫಿಂಚಿಗೆ ಹೇಳಿದ ಮಾತೇ ಅಲ್ಲ. ಅದು ತನ್ನದೇ ಜಾತಿಯ ಹೆಣ್ಣಿಗೆ ಹೇಳಿದ್ದು. ವಿವರವಾಗಿ ಬರೆಯುತ್ತೇನೆ.

ಮೊದಲು ಫೈರ್‌ಫಿಂಚ್. ಹೆಸರಿನಲ್ಲಿ ಫಿಂಚ್ ಎಂದಿದ್ದರೂ ಅದು ನಮ್ಮ ರಾಟವಾಳಗಳು ಸೇರಿದ ಎಸ್ಟ್ರಿಲ್ಡಿಡೆ ಕುಟುಂಬದ್ದು. ಶಾಸ್ತ್ರೀಯವಾಗಿ ಲಾಗೊನೊಸ್ಟಿಕ್ಟಾ ಸೆನೆಗಾಲಾ. 1766ರಲ್ಲಿ ಲಿನೇಯಸ್ ಹೆಸರಿಸಿದ್ದು. ಉದ್ದ ಸುಮಾರು 10 ಸೆಂಟಿಮೀಟರ್. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಕಾಂಗೋದ ದಟ್ಟ ಮಳೆಕಾಡನ್ನು ಬಿಟ್ಟರೆ, ಸೆನೆಗಲ್‌ನಿಂದ ದಕ್ಷಿಣ ಆಫ್ರಿಕಾದವರೆಗೆ ಬಹುತೇಕ ಎಲ್ಲ ಕಡೆ ಇದೆ. ನೆಲದ ಮೇಲೆ ಬಿದ್ದ ಸಣ್ಣ ಹುಲ್ಲುಬೀಜವೇ ಮುಖ್ಯ ಆಹಾರ. ಗೆದ್ದಲಿನಂಥ ಸಣ್ಣ ಕೀಟಗಳನ್ನೂ ತಿನ್ನುತ್ತದೆ. ಊರೊಳಗೆ ಕಾಳು ಚೆಲ್ಲಿರುತ್ತದೆ, ನೀರು ಸಿಗುತ್ತದೆ, ಗೂಡಿಗೆ ಹುಲ್ಲಿನ ಮಾಡು, ಗೋಡೆಯ ಸಂದು, ಬೇಲಿಯ ಪೊದೆ ಇರುತ್ತವೆ. ಹಾಗಾಗಿಯೇ ಅದು ಮನುಷ್ಯರ ಅಂಗಳವನ್ನು ಇಷ್ಟು ನೆಚ್ಚಿಕೊಂಡಿದೆ.

ಗೂಡು ಒಣಹುಲ್ಲಿನ ಚೆಂಡು, ಪಕ್ಕದಲ್ಲಿ ಬಾಗಿಲು, ಒಳಗೆ ಗರಿಗಳ ಹಾಸು. ನೀವು ನೋಡಿದ ಗಂಡಿನ ಗರಿ ಗೂಡಿನ ಸಾಮಗ್ರಿಯೇ. ಅದನ್ನು ಹಿಡಿದು ಹೆಣ್ಣಿನೆದುರು ತೊನೆಯುವುದು ಈ ಕುಟುಂಬದ ಅನೇಕ ಜಾತಿಗಳಲ್ಲಿರುವ ಪ್ರಣಯದ ರೀತಿ. ಹಾಡು ಮೆಲ್ಲಗಿರುವುದಕ್ಕೂ ಕಾರಣವಿದೆ. ನಮ್ಮ ಮಡಿವಾಳ ಹಕ್ಕಿಯಂತೆ ಹಾಡಿನಿಂದ ಪ್ರದೇಶದ ಗಡಿ ಕಾಯುವ ಕೆಲಸ ಇವುಗಳಿಗಿಲ್ಲ. ಪಕ್ಕದಲ್ಲೇ ಕುಳಿತ ಸಂಗಾತಿಗೆ ಕೇಳಿದರೆ ಆಯಿತು. ಜೋಡಿ ಬಿಡದೆ ಕೂಡಿರುತ್ತದೆ, ಒಂದರ ಕತ್ತಿನ ಗರಿಯನ್ನು ಇನ್ನೊಂದು ನೇವರಿಸುತ್ತದೆ, ಕಾವು ಕೂರುವುದರಲ್ಲೂ ಮರಿಗೆ ಉಣಿಸುವುದರಲ್ಲೂ ಇಬ್ಬರದೂ ಪಾಲು. ಸಾಮಾನ್ಯವಾಗಿ ಮೂರರಿಂದ ಆರು ಬಿಳಿ ಮೊಟ್ಟೆಗಳು. 11–12 ದಿನಕ್ಕೆ ಮರಿಯಾಗಿ, ಸುಮಾರು 18 ದಿನಕ್ಕೆ ಮರಿಗಳು ಗೂಡು ಬಿಡುತ್ತವೆ.

ಮರಿಗಳ ಬಾಯಿ ನೋಡಬೇಕಾದದ್ದು. ಅಂಗುಳಿನ ಮೇಲೆ ಕಪ್ಪು ಚುಕ್ಕೆಗಳು, ಬಾಯಿಯ ಎರಡೂ ಅಂಚಿನಲ್ಲಿ ಬೆಳ್ಳನೆಯ ಪುಟ್ಟ ಗುಬ್ಬಟೆಗಳು. ಗೂಡಿನ ಒಳಗೆ ಬೆಳಕು ಕಡಿಮೆ. ಮರಿ ಬಾಯಿ ತೆರೆದಾಗ ಆ ಗುರುತುಗಳು ಎದ್ದು ಕಾಣುತ್ತವೆ. ಬೇರೆ ಹಕ್ಕಿಗಳ ಮರಿಗಳು ಕತ್ತು ಚಾಚಿ ಮೇಲಕ್ಕೆ ಬಾಯಿ ತೆರೆದರೆ, ಈ ಕುಟುಂಬದ ಮರಿಗಳು ಗೂಡಿನ ತಳಕ್ಕೆ ಅಂಟಿಕೊಂಡೇ ಕತ್ತನ್ನು ತಿರುಚಿ ಬಾಯಿಯನ್ನು ಮೇಲ್ಮುಖವಾಗಿ ಮಾಡುತ್ತವೆ. ತಾಯಿ ತಂದೆ ಕೊಕ್ಕನ್ನು ಒಳಗಿಟ್ಟು ಅರೆಜೀರ್ಣ ಬೀಜಗಳನ್ನು ಕಕ್ಕಿ ಉಣಿಸುತ್ತವೆ. ಒಂದೊಂದು ಜಾತಿಯ ಮರಿಗೂ ಚುಕ್ಕೆಗಳ ವಿನ್ಯಾಸ ಬೇರೆ ಬೇರೆ.

ಈಗ ಕರಿಹಕ್ಕಿಗೆ ಬರೋಣ. ನೀವು ನೋಡಿದ್ದು ಬಹುಶಃ ವಿಡುವಾ ಚಾಲಿಬಿಯೇಟಾ, ಅಂದರೆ ಊರ ಇಂಡಿಗೋಬರ್ಡ್. ವಿಡುವಾ ಕುಲದಲ್ಲಿ 19 ಜಾತಿಗಳಿವೆ, ಎಲ್ಲವೂ ಆಫ್ರಿಕಾದವು, ಒಂದೂ ಸ್ವಂತ ಗೂಡು ಕಟ್ಟುವುದಿಲ್ಲ. ಮಳೆಗಾಲದಲ್ಲಿ ಮಾತ್ರ ಗಂಡು ಆ ನೀಲಿಗಪ್ಪು ವೇಷದಲ್ಲಿರುತ್ತದೆ, ಉಳಿದ ಕಾಲದಲ್ಲಿ ಹೆಣ್ಣಿನಂತೆಯೇ ಗುಬ್ಬಿಯ ಕಂದು ಗೀರುಗಳು. ಹೆಣ್ಣು ಫೈರ್‌ಫಿಂಚ್‌ನ ಗೂಡಿನಲ್ಲಿ ಬಿಳಿ ಮೊಟ್ಟೆಯಿಡುತ್ತದೆ. ಇಲ್ಲಿ ಕೋಗಿಲೆಗೂ ಇದಕ್ಕೂ ದೊಡ್ಡ ವ್ಯತ್ಯಾಸವಿದೆ. ಕೋಗಿಲೆಯ ಮರಿ ಕಾಗೆಮರಿಗಿಂತ ಮೊದಲು ಮೊಟ್ಟೆಯೊಡೆದು ಬಂದು ತುತ್ತಿನ ಸಿಂಹಪಾಲು ಪಡೆಯುವುದುಂಟು. ಯುರೋಪಿನ ಕೋಗಿಲೆಯ ಮರಿಯಂತೂ ಉಳಿದ ಮೊಟ್ಟೆಗಳನ್ನು ಬೆನ್ನಿನಿಂದ ನೂಕಿ ಹೊರಹಾಕುತ್ತದೆ. ಇಂಡಿಗೋಬರ್ಡ್‌ನ ಮರಿ ಫೈರ್‌ಫಿಂಚ್ ಮರಿಗಳ ಜೊತೆಯಲ್ಲೇ, ಅವುಗಳನ್ನು ಕೊಲ್ಲದೆ, ಒಂದೇ ಗೂಡಿನಲ್ಲಿ ಬೆಳೆಯುತ್ತದೆ. ಹಾಗೆ ಬೆಳೆಯಬೇಕಾದರೆ ಆ ಮರಿಗಳಂತೆಯೇ ಕಾಣಬೇಕು. ಅದರ ಬಾಯಿಯಲ್ಲೂ ಅದೇ ಚುಕ್ಕೆ, ಅದೇ ಗುಬ್ಬಟೆ, ಅದೇ ಕತ್ತು ತಿರುಚುವ ರೀತಿ ಇರುತ್ತದೆ. ಮೋಸವೆಂಬುದು ಇರುವುದು ಇಲ್ಲಿ, ಮರಿಯ ಬಾಯಿಯಲ್ಲಿ.

ಹಾಡಿನ ಕಥೆ ಬೇರೆ. ವಿಡುವಾ ಹಕ್ಕಿಗಳು ಆತಿಥೇಯರ ಹಾಡನ್ನು ಅನುಕರಿಸುತ್ತವೆಂಬುದನ್ನು 1964ರಲ್ಲಿ ವಿಸ್ತಾರವಾಗಿ ತೋರಿಸಿದವರು ಜರ್ಮನಿಯ ಯುರ್ಗೆನ್ ನಿಕೊಲಾಯ್. ಆಮೇಲೆ ಅಮೆರಿಕದ ರಾಬರ್ಟ್ ಪೇನ್ ಆಫ್ರಿಕಾದಲ್ಲಿ, ಅದರಲ್ಲೂ ನಿಮ್ಮ ಜಾಂಬಿಯಾದ ಲೋಚಿನ್ವಾರ್‌ನಲ್ಲಿ, ದೀರ್ಘಕಾಲ ಇವುಗಳನ್ನು ಗಮನಿಸಿದರು. ಗಂಡು ಒಂದು ಮರವನ್ನು ಹಿಡಿದು ಅಲ್ಲೇ ಹಾಡುತ್ತದೆ, ಹೆಣ್ಣುಗಳು ಅಂಥ ಹಲವು ಮರಗಳಿಗೆ ಭೇಟಿ ಕೊಟ್ಟು ಗಂಡನ್ನು ಆರಿಸುತ್ತವೆ. ಬಹುತೇಕ ಕೂಡುವಿಕೆ ಕೆಲವೇ ಗಂಡುಗಳ ಪಾಲಾಗುತ್ತದೆ. ಗರಗರ ಸದ್ದಿನ ಹಾಡು ಇಂಡಿಗೋಬರ್ಡ್‌ಗಳ ಸ್ವಂತದ್ದು, ಅದನ್ನು ನೆರೆಯ ಗಂಡುಗಳಿಂದ ಕಲಿಯುತ್ತದೆ. ಒಂದು ಊರಿನ ಗಂಡುಗಳೆಲ್ಲ ಒಂದೇ ಬಗೆಯ ಹಾಡುಗಳನ್ನು ಹಂಚಿಕೊಂಡಿರುತ್ತವೆ, ವರ್ಷದಿಂದ ವರ್ಷಕ್ಕೆ ಆ ಹಾಡುಗಳು ಬದಲಾಗುತ್ತವೆ. ಸಿಳ್ಳೆಯ ಭಾಗ ಮಾತ್ರ ತನ್ನನ್ನು ಸಾಕಿದ ಮನೆಯದು.

ಇದು ಹುಟ್ಟಿನಿಂದ ಬಂದದ್ದೋ, ಕಲಿತದ್ದೋ ಎಂಬುದನ್ನು ತಿಳಿಯಲು ಪೇನ್ ಮತ್ತು ಅವರ ಸಂಗಡಿಗರು ಪಂಜರದಲ್ಲಿ ಪ್ರಯೋಗ ಮಾಡಿದರು. ಕೆಲವು ಇಂಡಿಗೋಬರ್ಡ್ ಮರಿಗಳನ್ನು ಫೈರ್‌ಫಿಂಚ್‌ಗಳಿಂದಲೂ ಕೆಲವನ್ನು ಬೆಂಗಾಲೀಸ್ ಫಿಂಚ್ ಎಂಬ ಸಾಕುಹಕ್ಕಿಗಳಿಂದಲೂ ಸಾಕಿಸಿದರು. ಬೆಂಗಾಲೀಸ್ ಫಿಂಚ್ ಸಾಕಿದ ಗಂಡುಗಳು ದೊಡ್ಡವಾದ ಮೇಲೆ ಬೆಂಗಾಲೀಸ್ ಫಿಂಚ್‌ನ ಹಾಡನ್ನೇ ಹಾಡಿದವು. 2000ದಲ್ಲಿ ಪ್ರಕಟವಾದ ಫಲಿತಾಂಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಹಾಗೆ ಸಾಕಲ್ಪಟ್ಟ ಹೆಣ್ಣುಗಳು ಆ ಹಾಡು ಹಾಡುವ ಗಂಡುಗಳತ್ತ ಒಲಿದವು, ಮೊಟ್ಟೆಯಿಡಲು ಬೆಂಗಾಲೀಸ್ ಫಿಂಚ್‌ನ ಗೂಡನ್ನೇ ಆರಿಸಿದವು. ಫೈರ್‌ಫಿಂಚ್ ಸಾಕಿದವು ಫೈರ್‌ಫಿಂಚನ್ನೇ ಹುಡುಕಿದವು.

ಅಂದಮೇಲೆ ನಿಮ್ಮ ಮನೆಯೆದುರಿನ ಮರದ ತುದಿಯಿಂದ ಆ ಗಂಡು ಸಾರುತ್ತಿದ್ದುದು 'ನಾನು ಬೆಳೆದದ್ದು ಫೈರ್‌ಫಿಂಚ್‌ನ ಮನೆಯಲ್ಲಿ' ಎಂಬ ಸಂಗತಿ. ಕೇಳಿಸಿಕೊಳ್ಳುವ ಹೆಣ್ಣು ತಾನೂ ಅದೇ ಹಾಡನ್ನು ಗೂಡಿನಲ್ಲಿ ಕೇಳಿ ಬೆಳೆದದ್ದಾದರೆ ಹತ್ತಿರ ಬರುತ್ತದೆ. ಅವೆರಡರ ಮರಿಗಳಿಗೆ ಫೈರ್‌ಫಿಂಚ್ ಮರಿಯ ಬಾಯಿ ಬರುತ್ತದೆ, ತಾಯಿ ಫೈರ್‌ಫಿಂಚ್‌ನ ಗೂಡನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಪಾಪ, ಕೋಗಿಲೆಗೆ ಈ ದಾರಿ ಇಲ್ಲ. ಕೋಗಿಲೆಯ ಕೂಗು ಹುಟ್ಟಿನಿಂದಲೇ ಬಂದದ್ದು. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆ 'ಕಾ' ಎನ್ನದೆ 'ಕುಹೂ' ಎನ್ನುವುದಕ್ಕೆ ಅದೇ ಕಾರಣ. ಹಾಡನ್ನು ಕೇಳಿ ಕಲಿಯುವ ಶಕ್ತಿ ಹಕ್ಕಿಗಳಲ್ಲಿ ಹಾಡುಹಕ್ಕಿಗಳು, ಗಿಳಿಗಳು, ಹಮ್ಮಿಂಗ್‌ಬರ್ಡ್‌ಗಳಂಥ ಕೆಲವೇ ಗುಂಪುಗಳಿಗೆ ಇದೆ.

ಕಾಳಿದಂಡೆ, ಕಾರವಾರ

ಇಷ್ಟು ವಿವರವಾಗಿ ಬರೆದುದಕ್ಕೆ ಕೃತಜ್ಞತೆಗಳು. ಎರಡು ಉಪಪ್ರಶ್ನೆಗಳಿವೆ. ನಾನು ನೋಡಿದ ಕರಿಹಕ್ಕಿಯ ಕೊಕ್ಕೂ ಕಾಲೂ ಕೆಂಪಾಗಿದ್ದವು, ಆದರೆ ಲುಸಾಕಾದ ಹೊರವಲಯದಲ್ಲಿ ಬಿಳಿಗೊಕ್ಕಿನದನ್ನೂ ಕಂಡ ನೆನಪು. ಅವು ಬೇರೆ ಜಾತಿಗಳೇ, ಅಥವಾ ವಯಸ್ಸಿನ ವ್ಯತ್ಯಾಸವೇ? ಇನ್ನೊಂದು, ಹೆಣ್ಣು ಇಂಡಿಗೋಬರ್ಡ್ ಅವಸರದಲ್ಲಿ ಬೇರೆ ಯಾವುದೋ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟರೆ ಏನಾಗುತ್ತದೆ? ಆ ಮರಿ ಬೇರೆ ಹಾಡನ್ನು ಕಲಿತುಬಿಡುತ್ತದಲ್ಲವೇ?

ಗಜನಿ ಮಾಸ್ತರ, ಕುಮಟಾ

ಎರಡೂ ಪ್ರಶ್ನೆಗಳಿಗೆ ಒಂದೇ ಎಳೆಯ ಉತ್ತರವಿದೆ.

ಕೆಂಪು ಕೊಕ್ಕು, ಕೆಂಪು ಕಾಲು ಎಂದರೆ ಆ ಭಾಗದಲ್ಲಿ ಅದು ಊರ ಇಂಡಿಗೋಬರ್ಡೇ. ಪಶ್ಚಿಮ ಆಫ್ರಿಕಾದಲ್ಲಿ ಇದೇ ಜಾತಿಯ ಕೊಕ್ಕು ಬಿಳಿ. ಲುಸಾಕಾದ ಕಡೆ ಬಿಳಿಗೊಕ್ಕಿನವು ಸಾಮಾನ್ಯವಾಗಿ ಬೇರೆ ಜಾತಿಗಳು. ಒಂದು ಜಾತಿ ಜೇಮ್ಸನ್ ಫೈರ್‌ಫಿಂಚ್‌ನ ಗೂಡಿಗೆ ಹೋಗುತ್ತದೆ, ಇನ್ನೊಂದು ಆಫ್ರಿಕನ್ ಫೈರ್‌ಫಿಂಚ್‌ನ ಗೂಡಿಗೆ. ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಕಪ್ಪು, ರೆಕ್ಕೆ ಕಾಲುಗಳ ಬಣ್ಣದಲ್ಲಿ ಸಣ್ಣ ವ್ಯತ್ಯಾಸ. ಹೆಣ್ಣುಗಳನ್ನಂತೂ ದುರ್ಬೀನಿನಲ್ಲಿ ಬೇರ್ಪಡಿಸುವುದು ನನ್ನಂಥವರಿಂದ ಆಗದ ಕೆಲಸ. ಹೀಗಾಗಿ ಅಲ್ಲಿಯ ಪಕ್ಷಿತಜ್ಞರು ಕಣ್ಣಿಗಿಂತ ಕಿವಿಯನ್ನು ನಂಬುತ್ತಾರೆ: ಗಂಡು ಯಾರ ಹಾಡನ್ನು ಹಾಡುತ್ತಿದೆ ಎಂಬುದೇ ಅದರ ಗುರುತು. ನಿಮ್ಮ ಬಳಿ ಮೊಬೈಲಿನಲ್ಲಿ ಧ್ವನಿಮುದ್ರಣ ಇದ್ದರೆ ಕೊಕ್ಕಿನ ಬಣ್ಣಕ್ಕಿಂತ ಅದೇ ಹೆಚ್ಚು ಉಪಯುಕ್ತ.

ತಪ್ಪು ಗೂಡಿನ ಪ್ರಶ್ನೆ ಬಹಳ ಆಳವಾದದ್ದು. ಮರಿ ಬದುಕುಳಿದರೆ, ನೀವು ಹೇಳಿದಂತೆಯೇ, ಹೊಸ ಮನೆಯ ಹಾಡನ್ನು ಕಲಿಯುತ್ತದೆ. ಅಂಥ ಗಂಡಿನ ಹಾಡಿಗೆ ಹಳೆಯ ಮನೆಯ ಹೆಣ್ಣುಗಳು ಕಿವಿಗೊಡುವುದಿಲ್ಲ. ಅದೇ ಹೊಸ ಮನೆಯಲ್ಲಿ ಬೆಳೆದ ಹೆಣ್ಣುಗಳು ಕಿವಿಗೊಡುತ್ತವೆ, ಹೊಸ ಆತಿಥೇಯನ ಗೂಡಿನಲ್ಲೇ ಮೊಟ್ಟೆಯಿಡುತ್ತವೆ. ಒಂದೇ ತಲೆಮಾರಿನಲ್ಲಿ, ನಡುವೆ ಬೆಟ್ಟವಾಗಲಿ ನದಿಯಾಗಲಿ ಅಡ್ಡ ಬಾರದೆ, ಒಂದೇ ಊರಿನಲ್ಲಿದ್ದುಕೊಂಡೇ ಒಂದು ಸಣ್ಣ ಗುಂಪು ಉಳಿದವುಗಳಿಂದ ಬೇರೆಯಾಗಿಬಿಡಬಹುದು. 2003ರಲ್ಲಿ ಮೈಕೆಲ್ ಸೊರೆನ್ಸನ್, ಕ್ರಿಸ್ಟಿನಾ ಸೆಫ್ಕ್ ಮತ್ತು ರಾಬರ್ಟ್ ಪೇನ್ ಇಂಡಿಗೋಬರ್ಡ್‌ಗಳ ಆನುವಂಶಿಕ ಹೋಲಿಕೆಗಳನ್ನು ಪರಿಶೀಲಿಸಿ, ಈ ಜಾತಿಗಳು ತೀರ ಈಚಿನವೆಂದೂ ಹೊಸ ಆತಿಥೇಯರಿಗೆ ವರ್ಗವಾಗುವುದರಿಂದಲೇ ಮೂಡಿದವೆಂದೂ ವಾದಿಸಿದರು. ಹೊಸ ಜಾತಿ ಹುಟ್ಟಲು ಸಾಮಾನ್ಯವಾಗಿ ಭೂಮಿಯ ಮೇಲಿನ ಅಡ್ಡಗೋಡೆ ಬೇಕು ಎಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಇಲ್ಲಿ ಅಡ್ಡಗೋಡೆ ಹಾಡು.

ಆದರೆ ಮರಿ ಬದುಕುಳಿಯುವುದು ಅಷ್ಟು ಸುಲಭವಲ್ಲ. ಜಾಂಬಿಯಾದ ಚೋಮಾ ಸುತ್ತಲಿನ ಹೊಲಕಾಡುಗಳಲ್ಲಿ ಗೇಬ್ರಿಯಲ್ ಜೇಮಿ ಮತ್ತು ಸಂಗಡಿಗರು ಹಲವು ಜಾತಿಯ ಮರಿಗಳ ಬಾಯಿಯ ಚಿತ್ರ, ಹಸಿವಿನ ಕೂಗು, ಕತ್ತಿನ ಚಲನೆ ಇವನ್ನೆಲ್ಲ ದಾಖಲಿಸಿ 2020ರಲ್ಲಿ ಪ್ರಕಟಿಸಿದರು. ವಿಡುವಾ ಮರಿಗಳು ಬಣ್ಣ ಮತ್ತು ವಿನ್ಯಾಸದಲ್ಲಷ್ಟೇ ಅಲ್ಲ, ಕೂಗಿನಲ್ಲೂ ತಲೆಯಾಡಿಸುವ ರೀತಿಯಲ್ಲೂ ತಮ್ಮ ತಮ್ಮ ಆತಿಥೇಯ ಮರಿಗಳನ್ನು ಹೋಲುತ್ತವೆಂದು ಅದರಿಂದ ತಿಳಿಯಿತು. ಹೋಲಿಕೆ ನೂರಕ್ಕೆ ನೂರಲ್ಲ, ಸಣ್ಣ ವ್ಯತ್ಯಾಸಗಳು ಉಳಿದಿರುತ್ತವೆ. ಹಾಡನ್ನು ಒಂದು ತಲೆಮಾರಿನಲ್ಲಿ ಕಲಿಯಬಹುದು. ಬಾಯಿಯ ಚುಕ್ಕೆ ರಕ್ತದಲ್ಲಿ ಬಂದದ್ದು, ಅದು ತಿದ್ದಿಕೊಳ್ಳಲು ಅನೇಕ ತಲೆಮಾರು ಬೇಕು. ನಡುವಿನ ಆ ಅವಧಿಯಲ್ಲಿ ಹೊಸ ಸಾಕುತಾಯಿ ಆ ಮರಿಗೆ ಎಷ್ಟು ಉಣಿಸುತ್ತಾಳೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಫೈರ್‌ಫಿಂಚ್ ಸುಮ್ಮನಿರುವುದೇಕೆ ಎಂದು ಮೊದಲು ಕೇಳಿದ್ದಿರಿ. ಮರದ ತುದಿಯಲ್ಲಿ ಹಾಡುವ ಗಂಡು ಅದರ ಗೂಡಿನ ತಂಟೆಗೆ ಬರುವುದೇ ಇಲ್ಲ, ಬರುವುದು ಗುಬ್ಬಿಯಂತೆ ಕಾಣುವ ಹೆಣ್ಣು. ಮೊಟ್ಟೆಗಳು ಎರಡೂ ಬಿಳಿ, ಮುಚ್ಚಿದ ಗೂಡಿನ ಕತ್ತಲು ಬೇರೆ. ವಿಡುವಾ ಮೊಟ್ಟೆ ತುಸು ದೊಡ್ಡದಿದ್ದರೂ ಫೈರ್‌ಫಿಂಚ್ ಅದನ್ನು ಹೊರಹಾಕುವುದಿಲ್ಲ. ತನ್ನ ಮರಿಗಳು ಸಾಯದೇ ಇರುವಾಗ, ಅನುಮಾನ ಪಟ್ಟು ಸ್ವಂತ ಮೊಟ್ಟೆಯನ್ನೇ ಎಸೆದುಬಿಡುವ ಅಪಾಯಕ್ಕಿಂತ ಇನ್ನೊಂದು ಬಾಯಿಗೆ ಉಣಿಸುವುದೇ ಅಗ್ಗವೆಂಬ ವಾದ ನನಗೆ ಒಪ್ಪುವಂತಿದೆ. ಹಾಗೆಂದು ಅದಕ್ಕೆ ನಷ್ಟವೇ ಇಲ್ಲವೆನ್ನಲಾಗದು. ತುತ್ತು ಹಂಚಿಹೋಗುವುದು ನಿಜ.

ಬೆಟ್ಟದಂಚು, ಶಿರಸಿ

ಮಾಸ್ತರರ ವಿವರಣೆಯನ್ನು ಓದಿದ ಮೇಲೆ ನಮ್ಮ ರಾಟವಾಳಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ತೋಟದ ಮೇಲ್ಬದಿಯ ಗಜನಿಂಬೆಯ ಗಿಡದಲ್ಲಿ ಬಿಳಿಬೆನ್ನಿನ ರಾಟವಾಳದ ಜೋಡಿಯೊಂದು ಈಗ ಗೂಡು ಕಟ್ಟುತ್ತಿದೆ. ದರ್ಭೆಯಂಥ ಹುಲ್ಲಿನ ಎಸಳನ್ನು ಒಂದು ತುದಿಯಲ್ಲಿ ಕಚ್ಚಿ ಹಾರುವಾಗ ಉಳಿದ ಎಸಳು ಹಿಂದೆ ಬಾಲದಂತೆ ಎಳೆಯುತ್ತದೆ; ಅಡಿಕೆ ಮರಗಳ ನಡುವೆ ಸಿಕ್ಕಿಕೊಂಡು ಬಿದ್ದರೆ ಬಿಟ್ಟು ಹೋಗುತ್ತದೆ, ಮತ್ತೆ ಹೊಸದನ್ನೇ ತರುತ್ತದೆ, ಬಿದ್ದದ್ದನ್ನು ಎತ್ತುವ ಗೋಜಿಗೆ ಹೋಗುವುದಿಲ್ಲ. ಸಂಜೆ ಹಳೆಯ ಗೂಡೊಂದಕ್ಕೆ ಐದಾರು ಹಕ್ಕಿಗಳು ಒಂದರ ಹಿಂದೆ ಒಂದು ನುಸುಳಿ ಅಲ್ಲೇ ಮಲಗುತ್ತವೆ. ಇವುಗಳ ಮರಿಯ ಬಾಯಿಯಲ್ಲೂ ಅಂಥ ಗುರುತು ಇದೆಯೇ? ಗೂಡನ್ನು ಬಿಚ್ಚಿ ನೋಡುವ ಇರಾದೆ ನನಗಿಲ್ಲ, ಆದ್ದರಿಂದ ಕೇಳುತ್ತಿದ್ದೇನೆ. ಇನ್ನು ಆ ಬೆಂಗಾಲೀಸ್ ಫಿಂಚ್ ಎಂಬುದು ಯಾವ ಊರಿನ ಹಕ್ಕಿ, ಬಂಗಾಳದ್ದೇ?

ಗಜನಿ ಮಾಸ್ತರ, ಕುಮಟಾ

ಗೂಡು ಬಿಚ್ಚದಿರುವ ನಿಮ್ಮ ನಿಲುವು ಸರಿಯಾದದ್ದು. ಮರಿಯ ಬಾಯಿಯಲ್ಲಿ ಗುರುತು ಇದೆ; ರಾಟವಾಳಗಳ ಕುಲದಲ್ಲಿ ಅದು ಬಿಡಿ ಚುಕ್ಕೆಗಳಾಗಿರದೆ ಅಂಗುಳಿನ ಮೇಲೆ ಕುದುರೆಲಾಳದ ಆಕಾರದ ಕಪ್ಪು ಗೆರೆಯಾಗಿರುತ್ತದೆ.

ಬೆಂಗಾಲೀಸ್ ಫಿಂಚ್ ಎಲ್ಲಿಯದೆಂದು ಕೇಳಿದಿರಿ. ಅದು ಬಂಗಾಳದ್ದಲ್ಲ. ನಿಮ್ಮ ಗಜನಿಂಬೆಯ ಗಿಡದಲ್ಲಿ ಗೂಡು ಕಟ್ಟುತ್ತಿರುವ ಬಿಳಿಬೆನ್ನಿನ ರಾಟವಾಳವೇ ಅದರ ಕಾಡುರೂಪ. ಚೀನಾದಿಂದ ತಂದ ಆ ಜಾತಿಯ ಹಕ್ಕಿಗಳನ್ನು ಜಪಾನಿನಲ್ಲಿ ಸುಮಾರು ಎರಡೂವರೆ ಶತಮಾನಗಳಿಂದ ಪಂಜರದಲ್ಲಿ ಸಾಕಿ, ಆರಿಸಿ, ಬಿಳಿ, ಕಂದು, ಮಚ್ಚೆ ಬಣ್ಣಗಳಲ್ಲಿ ಬೆಳೆಸಿದ್ದು. ಯಾರ ಮೊಟ್ಟೆ ಕೊಟ್ಟರೂ ಕಾವು ಕೂತು ಮರಿ ಮಾಡುವ ಗುಣಕ್ಕೆ ಅದು ಹೆಸರುವಾಸಿ, ಪ್ರಯೋಗಕ್ಕೆ ಅದನ್ನು ಆರಿಸಿದ್ದೂ ಅದಕ್ಕಾಗಿಯೇ. ಕುದುರೆಲಾಳದ ಗುರುತಿಗೆ ಒಗ್ಗಿದ ಆ ಸಾಕುತಾಯಿ ಚುಕ್ಕೆಬಾಯಿಯ ಇಂಡಿಗೋಬರ್ಡ್ ಮರಿಯನ್ನು ಬೆಳೆಸಿ ದೊಡ್ಡದು ಮಾಡಿತು ಎಂಬುದನ್ನು ಗಮನಿಸಿ.

ನಮ್ಮ ರಾಟವಾಳಗಳಿಗೆ ಇಂಥ ಕಾಟವುಂಟೇ ಎಂಬ ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಇಲ್ಲ, ಏಕೆಂದರೆ ವಿಡುವಾ ಹಕ್ಕಿಗಳು ಈ ಖಂಡದ್ದಲ್ಲ. ಆದರೆ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಆಗಿದೆ. ಅಲ್ಲಿ ಪಂಜರದಿಂದ ತಪ್ಪಿಸಿಕೊಂಡ ಎರಡು ಹಕ್ಕಿಗಳು ಊರಿನ ತೋಟ, ಉದ್ಯಾನಗಳಲ್ಲಿ ನೆಲೆನಿಂತಿವೆ. ಒಂದು, ಆಫ್ರಿಕಾದ ಉದ್ದಬಾಲದ ಪಿನ್-ಟೇಲ್ಡ್ ವೈಡಾ, ಅದೂ ವಿಡುವಾ ಕುಲದ್ದೇ. ಇನ್ನೊಂದು ನಮ್ಮ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತದ ತೆನೆಗೆ ಮುತ್ತುವ ಇದೇ ಚುಕ್ಕೆ ರಾಟವಾಳ. ತನ್ನ ನಾಡಿನಲ್ಲಿ ಮುಖ್ಯವಾಗಿ ಕಾಮನ್ ವ್ಯಾಕ್ಸ್‌ಬಿಲ್ ಎಂಬ ಹಕ್ಕಿಯ ಗೂಡಿಗೆ ಹೋಗುವ ಆ ವೈಡಾ, ಕ್ಯಾಲಿಫೋರ್ನಿಯಾದಲ್ಲಿ ಚುಕ್ಕೆ ರಾಟವಾಳದ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ರಾಟವಾಳಗಳು ಅದರ ಮರಿಗಳಿಗೆ ಉಣಿಸಿ ಬೆಳೆಸುತ್ತವೆ. ಎರಡು ಖಂಡಗಳಿಂದ ಬಂದು ಮೂರನೆಯ ಖಂಡದಲ್ಲಿ ಮೊದಲ ಬಾರಿ ಎದುರಾದ ಹಕ್ಕಿಗಳ ನಡುವೆ ಇದು ನಡೆದಿದೆ. ತಪ್ಪು ಗೂಡಿಗೆ ಬಿದ್ದ ಮೊಟ್ಟೆಯಿಂದ ಹೊಸ ಸಂಬಂಧ ಶುರುವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಾರವಾರದವರು ಧ್ವನಿಮುದ್ರಣವಿದ್ದರೆ ಇಲ್ಲಿ ಹಾಕಿ. ಗರಗರ ಸದ್ದಿನ ಭಾಗವನ್ನೂ ಸಿಳ್ಳೆಯ ಭಾಗವನ್ನೂ ಕತ್ತರಿಸದೆ ಪೂರ್ತಿಯಾಗಿ ಹಾಕಿದರೆ, ಅದು ಮೂರರಲ್ಲಿ ಯಾವ ಫೈರ್‌ಫಿಂಚ್‌ನ ಮನೆಯಲ್ಲಿ ಬೆಳೆದ ಗಂಡೆಂದು ಹೇಳಲು ಪ್ರಯತ್ನಿಸುತ್ತೇನೆ.